ಕಸುಬು ಕಲಿಸುವವರು ಯಾರು?



ಹಿಂದಿನ ಕಾಲದಲ್ಲಿ ಕಸುಬು ಎಂಬುದು ಮನೆತನದ ಆಸ್ತಿ. ಬಡಿಗರ ಮಗ ಬಡಿಗತನ, ಕಂಬಾರರ ಮಗ ಕಂಬಾರಿಕೆ ಕಲಿಯುತ್ತಿದ್ದ. ಬೇರೆ ಮನೆಯ ಹುಡುಗನಿಗೆ ಆ ಬಾಗಿಲು ತೆರೆಯುತ್ತಿರಲಿಲ್ಲ.

1972ರಲ್ಲಿ ನೆಹರೂ ಯುವ ಕೇಂದ್ರಗಳು ಪ್ರಾರಂಭವಾದವು. ಹಳ್ಳಿಯ ಯುವಕ ಮಂಡಳಗಳಿಗೆ ಇವುಗಳ ಆಸರೆ ಸಿಕ್ಕಿತು. 1979ರ ಆಗಸ್ಟ್ 15ರಂದು ಟ್ರೈಸೆಮ್ ಯೋಜನೆ ಬಂತು. 18ರಿಂದ 35 ವಯಸ್ಸಿನ ಬಡವರ ಮಕ್ಕಳು ಊರಿನ ನುರಿತ ಕಸುಬುದಾರರ ಹತ್ತಿರವೂ ಕಲಿಯಲು ಅವಕಾಶವಾಯಿತು. ಇದು ದೊಡ್ಡ ಮಾತು. ಆದರೆ ಸರ್ಟಿಫಿಕೇಟ್ ಪಡೆದ ಎಷ್ಟೋ ಮಂದಿ ಕಸುಬು ಹಿಡಿಯಲಿಲ್ಲ. ಸಾಲ, ಸಾಮಾನು, ಗಿರಾಕಿ ಹುಡುಕಿಕೊಡಲು ಬೆನ್ನಿಗೆ ಯಾರೂ ಇರಲಿಲ್ಲ. 1999ರಲ್ಲಿ ಆ ಯೋಜನೆ ಬೇರೊಂದರಲ್ಲಿ ಸೇರಿಹೋಯಿತು.

1982ರಲ್ಲಿ ಉಜಿರೆಯಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆ ಸೇರಿ ರುಡ್‌ಸೆಟ್ ಸಂಸ್ಥೆ ಕಟ್ಟಿದರು. ಅಲ್ಲಿ ತರಬೇತಿ ಕೆಲವೇ ದಿನ, ಬೆಂಬಲ ಮಾತ್ರ ಬಹಳ ದಿನ. 2009ರಲ್ಲಿ ಕೇಂದ್ರ ಸರಕಾರ ಇದನ್ನೇ ಮಾದರಿ ಮಾಡಿಕೊಂಡು ಜಿಲ್ಲೆಗೊಂದು ಇಂಥ ಸಂಸ್ಥೆ ಎಂಬ ಯೋಜನೆ ತಂದಿತು.

ಅದೇ 1982ರಲ್ಲಿ ನಮ್ಮ ಕಡೆ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿಯಿತು. ಎಡದಂಡೆ ಕಾಲುವೆ ನೀರು ಹಂತಹಂತವಾಗಿ ಸುರಪುರ, ಶಹಾಪುರ ಸೀಮೆಗೆ ಬಂತು. ಜೋಳ, ಸಜ್ಜೆ ಬೆಳೆಯುತ್ತಿದ್ದ ಎಷ್ಟೋ ಹೊಲ ಭತ್ತದ ಗದ್ದೆಯಾದವು. ನೀರಿನ ಹಿಂದೆ ಟ್ರ್ಯಾಕ್ಟರ್, ಪಂಪ್‌ಸೆಟ್, ಅಕ್ಕಿ ಗಿರಣಿ ಬಂದವು. ಈ ಕಸುಬುಗಳಿಗೆ ಮನೆತನವಿಲ್ಲ, ಜಾತಿಯಿಲ್ಲ. ಕಲಿತವನೇ ಒಡೆಯ. ಹೀಗಿದ್ದೂ ಯಾದಗಿರಿ, ಶಹಾಪುರ, ಸುರಪುರದ ಹುಡುಗರು ಬೆಂಗಳೂರು, ಮುಂಬೈಗೆ ಗುಳೆ ಹೋಗಿ ಕಲ್ಲು, ಸಿಮೆಂಟು ಹೊರುವುದು ತಪ್ಪಿಲ್ಲ. ಇಲ್ಲಿ ಮೋಟಾರು ಸುಟ್ಟರೆ ನಾವು ಅದನ್ನು ಪಟ್ಟಣಕ್ಕೆ ಹೊತ್ತೊಯ್ಯುವುದೂ ತಪ್ಪಿಲ್ಲ.

ಈ ಚರಿತ್ರೆಯಿಂದ ತಿಳಿಯುವುದು ಒಂದೇ. ಸರಕಾರ ತರಬೇತಿ ಕೊಡಬಹುದು, ಬ್ಯಾಂಕು ಸಾಲ ಕೊಡಬಹುದು. ಆದರೆ ಕಲಿತ ಹುಡುಗ ಮೊದಲ ವರ್ಷ ಎಡವಿದಾಗ ಕೈ ಹಿಡಿಯುವವನು ಊರಲ್ಲೇ ಇರಬೇಕು. ನಮ್ಮ ಸದಸ್ಯರಲ್ಲಿ ಮೋಟಾರು ಬಿಚ್ಚಿ ಕೂಡಿಸುವವರಿದ್ದಾರೆ, ಹೊಲಿಗೆ ಬಲ್ಲ ತಾಯಂದಿರಿದ್ದಾರೆ, ಲೆಕ್ಕಪತ್ರ ಬರೆಯುವವರಿದ್ದಾರೆ. ವಾರಕ್ಕೆ ಎರಡು ತಾಸು ಸಂಬಳವಿಲ್ಲದೆ ಕಲಿಸಿದರೆ ಸಾಕು.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಊರವರನ್ನು ಕೂಡಿಸಿ ಸಹಕಾರಿ ಸಂಘ ಕಟ್ಟಿದರು. ಅಂದು ಹಣ ಹಂಚಿಕೊಂಡಂತೆ ಇಂದು ವಿದ್ಯೆಯನ್ನೂ ಹಂಚಿಕೊಳ್ಳೋಣ. ಬೆಳ್ಳಿಹಬ್ಬದ ಈ ವರ್ಷವೇ ಅದು ಶುರುವಾಗಲಿ ಎಂದು ವಿನಂತಿ.

ಜೈ ಸಹಕಾರ.