ಒಳಗೆ ನಿಂತರೆ ಕಾಣದ ನಕ್ಷತ್ರ

ಹಾಲೆಂಡಿನಲ್ಲಿ ಕೆಲಸಕ್ಕಿರುವ ಅಣ್ಣನ ಮಗ ಬೂರ್ಟಾಂಗೆ ಎಂಬ ಕೋಟೆಯ ಫೋಟೋ ಕಳಿಸಿದ್ದ. ಆಕಾಶದಿಂದ ತೆಗೆದದ್ದು. ಅಂಗಳದಲ್ಲಿ ರಂಗೋಲಿ ಬಿಡಿಸಿಟ್ಟಂತೆ ಐದು ಮೂಲೆಯ ನಕ್ಷತ್ರ, ಸುತ್ತ ನೀರು ತುಂಬಿದ ಕಂದಕ. "ಅತ್ತೆ, ಇಂಥದ್ದು ನಮ್ಮ ಕಡೆ ಇದೆಯಾ?" ಎಂದು ಕೇಳಿದ್ದ.

ಸಕಲೇಶಪುರದ ಮಂಜರಾಬಾದ್ ಇದೆ ಎಂದು ಗೊತ್ತಿತ್ತು. ಆದರೆ ನಾನೇ ನೋಡಿರಲಿಲ್ಲ.

ವರದಹಳ್ಳಿಯ ನಮ್ಮ ಮನೆಯಲ್ಲಿ ಕೆಳದಿಯ ಕಥೆ ಎಂದರೆ ನಿನ್ನೆ ಮೊನ್ನೆಯ ಸುದ್ದಿ. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದದ್ದು, ರಾಣಿ ವೀರಮ್ಮಾಜಿಯನ್ನು ಮಧುಗಿರಿಯಲ್ಲಿ ಸೆರೆಯಿಟ್ಟದ್ದು, ಇದನ್ನೆಲ್ಲ ಅಪ್ಪಯ್ಯ ಕವಳ ಹಾಕುತ್ತ, ನೆಂಟರ ಮನೆಯ ಕಷ್ಟ ಹೇಳುವ ಹಾಗೆ ಹೇಳುತ್ತಿದ್ದರು. "ಅವನ ಮಗ ಕಟ್ಟಿದ ಕೋಟೆ, ಅದನ್ನೇನು ನೋಡುವುದು?" ಎನ್ನುತ್ತಿದ್ದರು. ತರಗತಿಯಲ್ಲಿ ಟಿಪ್ಪುವಿನ ಪಾಠವನ್ನು ನಾನು ಸರಿಯಾಗಿಯೇ ಮಾಡಿದ್ದೇನೆ. ಪ್ರವಾಸಕ್ಕೆ ಹೋದಾಗ ಮಾತ್ರ ಬೇಲೂರಿನಿಂದ ಬಸ್ಸು ಹಿಂದಕ್ಕೆ ತಿರುಗುತ್ತಿತ್ತು. ಮಕ್ಕಳಿಗೆ ಸುಸ್ತಾಗಿದೆ ಎಂಬುದು ನನ್ನ ನೆಪ.

ಅಪ್ಪಯ್ಯ ಹೋದ ಮೇಲೆ ಒಂದು ಚಳಿಗಾಲ ಬಸ್ಸು ಮುಂದಕ್ಕೆ ಹೋಯಿತು. ಮೆಟ್ಟಿಲು ಹತ್ತಿ ಒಳಗೆ ಬಂದರೆ ಎಲ್ಲೆಲ್ಲೂ ಮಂಜು. ಹೆಸರು ಬಂದದ್ದೇ ಅದರಿಂದ ಎನ್ನುತ್ತಾರೆ. ನಡುವೆ ಶಿಲುಬೆಯಾಕಾರದ ಕೊಳ, ಪಕ್ಕದಲ್ಲಿ ಮದ್ದು ಇಡುವ ನೆಲಮಾಳಿಗೆ. "ಟೀಚರ್, ನಕ್ಷತ್ರ ಎಲ್ಲಿ?" ಎಂದಳು ಒಬ್ಬಳು. ಕಂಡದ್ದು ಅತ್ತ ಇತ್ತ ತಿರುಗುವ ಗೋಡೆ ಮಾತ್ರ.

ಮೂಲೆ ಏಕೆ ಎಂದು ವಿವರಿಸಿದೆ. ದುಂಡು ಬುರುಜಿನ ಬುಡಕ್ಕೆ ಶತ್ರು ಬಂದು ನಿಂತರೆ ಮೇಲಿನವರಿಗೆ ಕಾಣುವುದಿಲ್ಲ. ಚೂಪು ಮೂಲೆಗಳಿದ್ದರೆ ಒಂದರ ಪಕ್ಕೆಯನ್ನು ಇನ್ನೊಂದರಿಂದ ಕಾಯಬಹುದು. ಫಿರಂಗಿಗಳು ಬಂದ ಮೇಲೆ ಇಟಲಿಯವರು ಶುರುಮಾಡಿದ ಉಪಾಯ ಇದು. ಸ್ಪೇನಿನ ವಿರುದ್ಧ ಕಾದಾಡುತ್ತಿದ್ದ ಡಚ್ಚರು ಅದನ್ನು ಮಣ್ಣಿನ ದಿಬ್ಬ, ನೀರಿನ ಕಂದಕಗಳಲ್ಲಿ ಕಟ್ಟಿಕೊಂಡರು; ಬೂರ್ಟಾಂಗೆ ಮುಗಿದದ್ದು 1593ರಲ್ಲಿ. ಫ್ರಾನ್ಸಿನ ವೊಬಾನ್ ಅದನ್ನೊಂದು ಶಾಸ್ತ್ರವನ್ನಾಗಿಯೇ ಮಾಡಿದ. ಟಿಪ್ಪುವಿಗೆ ನೆರವಾದವರು ಫ್ರೆಂಚ್ ಎಂಜಿನಿಯರುಗಳು. ಇಲ್ಲಿ ಗೋಡೆಗೆ ಕಗ್ಗಲ್ಲು, ಗಾರೆ. ಮಂಗಳೂರಿನ ದಾರಿಯನ್ನು ಕಾಯುವುದು ಕೆಲಸ.

ಕೋಟೆ ಮುಗಿದದ್ದು 1792ರಲ್ಲಿ. ಅದೇ ವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು. ಇಬ್ಬರು ಚಿಕ್ಕ ಗಂಡುಮಕ್ಕಳನ್ನು ಇಂಗ್ಲಿಷರಿಗೆ ಒತ್ತೆಯಿಡಬೇಕಾಯಿತು. ಪಾಠದಲ್ಲಿ ಇದು ಒಂದು ಅಂಕದ ಪ್ರಶ್ನೆ. ಅಲ್ಲಿ, ಆ ಚಳಿಯಲ್ಲಿ, ನನ್ನ ಸುತ್ತ ಅದೇ ಪ್ರಾಯದ ಮಕ್ಕಳು ಸ್ವೆಟರ್ ಎಳೆದುಕೊಂಡು ನಿಂತಿದ್ದರು. ವೀರಮ್ಮಾಜಿಯನ್ನು ನಾನು ಮರೆಯಲಿಲ್ಲ. ಆದರೆ ಅಪ್ಪಯ್ಯನ ಕಥೆಯಲ್ಲಿ ಈ ಹುಡುಗರು ಎಂದೂ ಬಂದಿರಲಿಲ್ಲ.

ಹೊರಡುವಾಗ ಬಾಗಿಲ ಮಾಡದ ಚಾವಣಿಯಲ್ಲಿ ಕಂಡಿತು, ಕೋಟೆಯ ನಕ್ಷೆ. ಎಲ್ಲರೂ ಕತ್ತೆತ್ತಿದೆವು. ಪ್ರಶ್ನೆ ಕೇಳಿದವಳೇ ಬೆರಳಿಟ್ಟು ಎಣಿಸಿದಳು: ಎಂಟು. ಅಣ್ಣನ ಮಗನಿಗೆ ಅಷ್ಟನ್ನೇ ಬರೆದೆ, ನಮ್ಮದಕ್ಕೆ ಮೂರು ಮೂಲೆ ಹೆಚ್ಚು ಎಂದು.