ಅಂಗಡಿಯಲ್ಲಿ ಸಿಗದ ಉಳಿ

ಅವರ್ಸಾದ ಮನೆಯೊಂದರ ಅಟ್ಟದಿಂದ ಇಳಿಸಿದ ಹಿತ್ತಾಳೆ ತಂಬಿಗೆಯೊಂದು ಕೆಲ ದಿನ ನಮ್ಮ ಮೇಜಿನ ಮೇಲಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದಾಗ ಕಂಠದ ಕೆಳಗೆ ಅಕ್ಷರ ಕಂಡವು. ಆ ಮನೆಯ ಅಜ್ಜಿಯ ಹೆಸರು, ಊರು, 1964. ಹಳೆಯ ಪಾತ್ರೆಯ ಮೇಲೆ ಹೆಸರಿರುವುದು ದೊಡ್ಡ ಸಂಗತಿಯಲ್ಲ. ಮದುವೆ ಮನೆಗೆ ಊರಿನ ಪಾತ್ರೆಗಳೆಲ್ಲ ಎರವಲು ಹೋಗುತ್ತಿದ್ದ ಕಾಲದಲ್ಲಿ ಹೆಸರಿಲ್ಲದ ತಂಬಿಗೆ ಮರಳಿ ಬರುವ ಖಾತ್ರಿ ಇರಲಿಲ್ಲ. ಆದರೆ ಪಾತ್ರೆ ಅಂಗಡಿಯಲ್ಲಿ ಹಾಕಿಸಿದ ಹೆಸರು ಸಾಮಾನ್ಯವಾಗಿ ಚುಕ್ಕಿ ಚುಕ್ಕಿಯಾಗಿರುತ್ತದೆ. ಇದು ಹಾಗಿರಲಿಲ್ಲ. ಗೆರೆ ತೆಳ್ಳಗೆ ಹೊರಟು, ತಿರುವಿನಲ್ಲಿ ದಪ್ಪವಾಗಿ, ಮತ್ತೆ ತೆಳ್ಳಗಾಗಿ ಮುಗಿಯುತ್ತಿತ್ತು. ಲೋಹವನ್ನು ಗುದ್ದಿದ್ದಲ್ಲ, ಕೊರೆದು ತೆಗೆದದ್ದು.

ಅದನ್ನು ಹಿಡಿದುಕೊಂಡು ಅಂಕೋಲಾ ಪೇಟೆಯ ಹಿರಿಯ ಅಕ್ಕಸಾಲಿಗರೊಬ್ಬರ ಬಳಿ ಹೋದೆವು. ಎಂಬತ್ತರ ಹತ್ತಿರದ ವಯಸ್ಸು, ಕೆಲಸ ನಿಲ್ಲಿಸಿ ಬಹಳ ಕಾಲವಾಗಿದೆ. ಕಾರವಾರ, ಅಂಕೋಲಾದ ಅಕ್ಕಸಾಲಿಗರಲ್ಲಿ ಹೆಚ್ಚಿನವರು ಕೊಂಕಣಿ ಮಾತಾಡುವ ದೈವಜ್ಞರು. ಊರವರಿಗೆ ಅವರು ‘ಶೇಟ್ರು’. ಗೋವೆಯಲ್ಲಿ ಪೋರ್ಚುಗೀಸರು 1560ರಲ್ಲಿ ಧರ್ಮವಿಚಾರಣೆಯ ನ್ಯಾಯಾಲಯ ತೆರೆದ ಆಸುಪಾಸಿನ ಕಾಲದಲ್ಲಿ ಅಲ್ಲಿಂದ ದಕ್ಷಿಣಕ್ಕೆ ಬಂದ ಹಲವು ಸಮುದಾಯಗಳಲ್ಲಿ ಅವರೂ ಸೇರಿದ್ದಾರೆ. ಹೊಲ, ಮನೆ ಬಿಟ್ಟು ಬರುವವನು ಹೊತ್ತು ತರಬಹುದಾದದ್ದು ಕಡಿಮೆ. ಅಕ್ಕಸಾಲಿಗನ ಉಳಿಗಳು ಒಂದು ಮುಷ್ಟಿಯಷ್ಟೂ ಆಗುವುದಿಲ್ಲ.

ಶೇಟ್ರು ತಂಬಿಗೆ ನೋಡುವ ಮೊದಲು ತಮ್ಮ ಮರದ ಪೆಟ್ಟಿಗೆ ತೆಗೆಸಿದರು. ತೆಂಗಿನೆಣ್ಣೆಯಲ್ಲಿ ನೆನೆದ ಬಟ್ಟೆಯೊಳಗೆ ಇಪ್ಪತ್ತಕ್ಕೂ ಹೆಚ್ಚು ಪುಟ್ಟ ಉಳಿಗಳಿದ್ದವು. ಸಮುದ್ರದ ಗಾಳಿಗೆ ಎಣ್ಣೆಯಿಲ್ಲದ ಉಕ್ಕು ಒಂದು ಮಳೆಗಾಲ ದಾಟುವುದಿಲ್ಲ. ಇವನ್ನೆಲ್ಲ ಎಲ್ಲಿ ಕೊಂಡಿರಿ ಎಂದು ಕೇಳಿದ್ದು ನಮ್ಮ ತಪ್ಪು.

“ಕೊಳ್ಳೂದು ಎಂಥದು ತಮಾ? ಇಕ್ಕಳ, ಅರ, ತಕ್ಕಡಿ ಕೊಳ್ಳಬಹುದು. ಉಳಿ ನಮ್ಮ ಕೈಗೆ ತಕ್ಕ ಹಾಗೆ ನಾವೇ ಮಾಡ್ಕೊಳ್ಳೂದು.”

ಒಂದೊಂದನ್ನೇ ಎತ್ತಿ ತೋರಿಸಿದರು. ಇದು ಹಲ್ಲು ಸವೆದ ಅರ. ಇದು ಗೋಣಿ ಹೊಲಿಯುವ ದಬ್ಬಳ. ಇದು ಕೆಟ್ಟ ಗೋಡೆ ಗಡಿಯಾರದ ಸ್ಪ್ರಿಂಗಿನ ತುಂಡು. ಗುಜರಿಯಂತೆ ಕಂಡರೂ ಆಯ್ಕೆಯಲ್ಲಿ ಲೆಕ್ಕವಿದೆ. ಇವೆಲ್ಲ ಇಂಗಾಲ ಹೆಚ್ಚಿರುವ ಉಕ್ಕು. ಕಿಟಕಿ ಸರಳಿನಂಥ ಮೆದು ಕಬ್ಬಿಣಕ್ಕೆ ಎಷ್ಟು ಕಾಸಿದರೂ ಇಂಥ ಗಡಸು ಬಾರದು.

ಮಾಡುವ ಬಗೆಯನ್ನು ಅವರು ಕೈಸನ್ನೆಯಲ್ಲೇ ಹೇಳಿದರು, ನಾವು ಬರೆದುಕೊಂಡೆವು. ಮೊದಲು ಉಕ್ಕನ್ನು ಕೆಂಪಗೆ ಕಾಸಿ ಬೂದಿಯಲ್ಲಿ ಹುಗಿದು ರಾತ್ರಿಯಿಡೀ ಬಿಡಬೇಕು. ನಿಧಾನವಾಗಿ ಆರಿದರೆ ಮೆತ್ತಗಾಗುತ್ತದೆ, ಅರಕ್ಕೆ ಬಗ್ಗುತ್ತದೆ. ಆಗ ಬೇಕಾದ ಆಕಾರ: ಗೆರೆಗೆ ಚೌಕದ ಮೂಲೆ, ಹಿನ್ನೆಲೆ ಕೆರೆಯಲು ಚಪ್ಪಟೆ, ತಿರುವಿಗೆ ದುಂಡು. ಆಮೇಲೆ ಅಗ್ಗಿಷ್ಟಿಕೆಯ ಕೆಂಡದಲ್ಲಿಟ್ಟು ಊದುಕೊಳವೆಯಿಂದ ಊದಿ ಮತ್ತೆ ಕಾಸಬೇಕು. ಅಯಸ್ಕಾಂತ ಹಿಡಿಯದಷ್ಟು ಕಾದ ಮೇಲೆ, ಸುಮಾರು 800 ಡಿಗ್ರಿ ಸೆಲ್ಸಿಯಸ್ ಎನ್ನಿ, ಎಣ್ಣೆಯಲ್ಲಿ ಅದ್ದಬೇಕು. ಈಗ ಅದರ ಮೇಲೆ ಅರ ಎಳೆದರೆ ಜಾರುತ್ತದೆ. ಅಷ್ಟು ಗಡಸು, ಆದರೆ ಗಾಜಿನಂತೆ ಮುರಿಯುತ್ತದೆ.

ಕೊನೆಯ ಹಂತವೇ ವಿದ್ಯೆ. ಉಳಿಯನ್ನು ಹೊಳೆಯುವಂತೆ ತಿಕ್ಕಿ, ಬಾಲದ ಕಡೆಯಿಂದ ಮೆಲ್ಲಗೆ ಬಿಸಿ ಮಾಡುತ್ತ ಬಣ್ಣ ಕಾಯಬೇಕು. ತುದಿಗೆ ಒಣಹುಲ್ಲಿನ ಹಳದಿ ಬಂದಿತೋ, ತಕ್ಷಣ ಎಣ್ಣೆಗೆ. ಆ ಹಳದಿ ಬರುವುದು ಸುಮಾರು 220–230 ಡಿಗ್ರಿಯಲ್ಲಿ. ಕಂದು ದಾಟಿ ನೇರಳೆಗೆ ಹೋದರೆ ಸುತ್ತಿಗೆಯ ಪೆಟ್ಟು ತಿನ್ನುವ ಅಚ್ಚುಗಳಿಗೆ ಆದೀತು, ಕೊರೆಯುವ ಉಳಿಗಲ್ಲ. ನೀಲಿಗೆ ಹೋಯಿತೆಂದರೆ ಮೊದಲಿನಿಂದ ಶುರು. ಬಣ್ಣ ಸರಿಯಾಗಿ ಕಾಣಲೆಂದು ತಂದೆ ಈ ಕೆಲಸವನ್ನು ನೆರಳಿನಲ್ಲೇ ಮಾಡುತ್ತಿದ್ದರು ಎಂದರು. ಆಮೇಲೆ ಸಾಣೆ. ಮೂತಿಯನ್ನು ಸುಮಾರು 45 ಡಿಗ್ರಿ ಓರೆಗೆ ತೇಯ್ದು, ಅಂಗೈಗೆ ಕೂರುವ ಮರದ ಗುಬ್ಬಿ ಹಾಕಬೇಕು. ಶೇಟ್ರ ಉಳಿಗಳ ಗುಬ್ಬಿ ನಮ್ಮ ಅಂಗೈಗೆ ಕೂರಲಿಲ್ಲ. ಅವರ ಬೆರಳು ಗಿಡ್ಡ.

ಇಷ್ಟು ಕಷ್ಟವೇಕೆ? ಚಿನ್ನ ಗಿರಾಕಿಯದು, ತೂಗಿ ಕೊಟ್ಟದ್ದು. ಮೊಂಡು ಉಳಿ ಜಾರಿದರೆ ಗೀರು ಬೀಳುತ್ತದೆ, ಗೀರು ತೆಗೆಯಲು ತಿಕ್ಕಿದರೆ ತೂಕ ಇಳಿಯುತ್ತದೆ, ತೂಕ ಇಳಿದರೆ ಹೆಸರು ಹೋಗುತ್ತದೆ.

ಇಂಥ ಉಳಿಗಳ ಚರಿತ್ರೆ ಬರೆಯಹೊರಟವರಿಗೆ ಮೊದಲ ತೊಡಕು ಎಂದರೆ ಉಳಿಗಳೇ ಉಳಿಯುವುದಿಲ್ಲ. ದಿನವೂ ಸಾಣೆಗೆ ತೇಯ್ದು ತೇಯ್ದು ಗಿಡ್ಡವಾಗಿ ಕೊನೆಗೆ ಬಿಸಾಡುವ ವಸ್ತು ಅದು. ಉಳಿಯುವುದು ಕೆತ್ತನೆ ಮಾತ್ರ. ಕದಂಬರಿಂದ ವಿಜಯನಗರದವರೆಗೆ ರಾಜರು ಕೊಟ್ಟ ದತ್ತಿಗಳು ತಾಮ್ರದ ತಗಡಿನ ಮೇಲಿವೆ. ‘ಕಂಡರಿಸು’ ಎನ್ನುವ ಚೆಂದದ ಕನ್ನಡ ಕ್ರಿಯಾಪದ ಶಾಸನಗಳಲ್ಲಿ ಈ ಕೆಲಸಕ್ಕೇ ಬಳಕೆಯಾಗಿದೆ. ಕೃಷ್ಣದೇವರಾಯನ ಕಾಲದ ಸಂಸ್ಕೃತ ತಾಮ್ರಪಟಗಳ ಕೊನೆಯಲ್ಲಿ ರಚಿಸಿದ ಸಭಾಪತಿಯ ಹೆಸರಿನ ಜೊತೆಗೆ ಕೆತ್ತಿದ ವೀರಣಾಚಾರ್ಯನ ಹೆಸರೂ ಬರುತ್ತದೆ. ಕವಿಯ ಪಕ್ಕದಲ್ಲಿ ಕುಶಲಕರ್ಮಿಗೂ ಜಾಗ. ಅವನ ಉಳಿಯ ಬಗ್ಗೆ ಒಂದು ಮಾತೂ ಇಲ್ಲ.

ಹಾಗಿದ್ದೂ ಒಬ್ಬರು ಅದನ್ನು ಗಮನಿಸಿದ್ದರು. ಕಾರವಾರ ಜಿಲ್ಲೆ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅದೇ ಪ್ರಾಂತದ ಸಿವಿಲ್ ಸೇವೆಯಲ್ಲಿದ್ದ ಜೆ.ಎಫ್. ಫ್ಲೀಟ್ ಹಲಸಿಯ ಕದಂಬ ತಾಮ್ರಪಟಗಳೂ ಸೇರಿ ನೂರಾರು ಶಾಸನಗಳನ್ನು ಓದಿ ಅಚ್ಚು ಹಾಕಿಸಿದರು. 1888ರಲ್ಲಿ ಹೊರಬಂದ ಅವರ ಗುಪ್ತ ಶಾಸನಗಳ ಸಂಪುಟದಲ್ಲಿ ತಾಮ್ರಪಟದ ವಿವರ ಬಂದಲ್ಲೆಲ್ಲ ಒಂದು ಟಿಪ್ಪಣಿ ಮತ್ತೆ ಮತ್ತೆ ಕಾಣುತ್ತದೆ. ತಗಡು ದಪ್ಪವೋ ತೆಳುವೋ, ಅಕ್ಷರ ಹಿಂಬದಿಗೆ ಮೂಡಿದೆಯೋ, ಅಕ್ಷರದ ಒಳಗೆ ಕೆತ್ತಿದವನ ಉಳಿ ಸಾಗಿದ ಗುರುತು ಇದೆಯೋ ಎಂಬುದು. ರಾಜವಂಶಗಳ ಇಸವಿ ಹುಡುಕುತ್ತಿದ್ದ ಅಧಿಕಾರಿಗೆ ಈ ಒಂದು ಸಾಲು ಬೇಕಿರಲಿಲ್ಲ. ಆದರೂ ಬರೆದಿಟ್ಟರು. ನಮಗೆ ಅವರ ವಂಶಾವಳಿಗಳಿಗಿಂತ ಈ ಸಾಲೇ ಹೆಚ್ಚು ಕೆಲಸಕ್ಕೆ ಬಂತು.

ಉಕ್ಕಿನ ಕತೆ ತುಸು ಹೆಚ್ಚು ಸಿಗುತ್ತದೆ. 1800–01ರಲ್ಲಿ ಮೈಸೂರಿನಿಂದ ನಮ್ಮ ಕರಾವಳಿಯವರೆಗೆ ತಿರುಗಿದ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯಲ್ಲಿ ಮೂಸೆಯಲ್ಲಿಟ್ಟು ಉಕ್ಕು ಮಾಡುವುದನ್ನು ವಿವರವಾಗಿ ಬರೆದಿದ್ದಾರೆ. ಅದಕ್ಕೂ ಮೊದಲು, 1795ರಲ್ಲಿ, ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ‘ವೂಟ್ಸ್’ ಎಂಬ ಉಕ್ಕಿನ ಮೇಲೆ ಪ್ರಬಂಧ ಮಂಡಿಸಿದ್ದರು. ಆ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನದೇ ಅಪಭ್ರಂಶ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಕಾರ್ಖಾನೆಯ ಅಗ್ಗದ ಉಕ್ಕು ಬಂದ ಮೇಲೆ ಆ ಮೂಸೆಗಳು ಆರಿದವು. ಅಕ್ಕಸಾಲಿಗ ಮಾತ್ರ ಅದೇ ಕಾರ್ಖಾನೆಯ ಅರ ಸವೆಯುವವರೆಗೆ ಕಾದು, ಅದನ್ನೇ ಉಳಿ ಮಾಡಿಕೊಂಡ.

ಅವನನ್ನು ನಿಜಕ್ಕೂ ಅಲುಗಿಸಿದ್ದು 1963ರ ಜನವರಿ. ಚೀನಾ ಯುದ್ಧದ ಬೆನ್ನಿಗೆ ಹಣಕಾಸು ಸಚಿವ ಮೊರಾರ್ಜಿ ದೇಸಾಯಿ ಚಿನ್ನ ನಿಯಂತ್ರಣ ನಿಯಮ ತಂದರು. 14 ಕ್ಯಾರೆಟ್‌ಗಿಂತ ಶುದ್ಧವಾದ ಚಿನ್ನದಲ್ಲಿ ಹೊಸ ಒಡವೆ ಮಾಡುವಂತಿಲ್ಲ. 22 ಕ್ಯಾರೆಟ್ ಎಂದರೆ ನೂರರಲ್ಲಿ ಸುಮಾರು 91.6 ಪಾಲು ಚಿನ್ನ, 14 ಎಂದರೆ 58.3. ಉಳಿದದ್ದು ತಾಮ್ರ, ಬೆಳ್ಳಿ. ತಾಳಿಗೆ ಅಂಥ ಚಿನ್ನ ಯಾರಿಗೆ ಬೇಕು? ಗಿರಾಕಿ ಬರಲಿಲ್ಲ. ದೇಶದಾದ್ಯಂತ ಅಕ್ಕಸಾಲಿಗರು ಬೀದಿಗಿಳಿದರು. ಆತ್ಮಹತ್ಯೆಗಳಾದವು, ಸಂಸತ್ತಿನಲ್ಲಿ ಚರ್ಚೆಯಾಯಿತು. 14 ಕ್ಯಾರೆಟ್ಟಿನ ಕಟ್ಟು 1966ರಲ್ಲಿ ಸಡಿಲವಾದರೂ 1968ರಲ್ಲಿ ಚಿನ್ನ ನಿಯಂತ್ರಣ ಕಾಯ್ದೆಯೇ ಬಂತು. ಅದು ರದ್ದಾದದ್ದು 1990ರಲ್ಲಿ.

ಶೇಟ್ರು ಆಗ ತಂದೆಯ ಬಳಿ ಕೆಲಸ ಕಲಿಯುತ್ತಿದ್ದ ಹುಡುಗ. “ಹದ್ನಾಲ್ಕರದ್ದು ಗಟ್ಟಿ ತಮಾ. ಮೆತ್ತನೆ ಚಿನ್ನಕ್ಕೆ ತೇಯ್ದ ಉಳಿ ಅದರ ಮೇಲೆ ನಾಕು ಗೆರೆಗೇ ಮೊಂಡು. ಅಪ್ಪ ಒಂದು ವಾರ ಕೂತು ಉಳಿಗಳ ಓರೆಯನ್ನೆಲ್ಲ ಬದಲಿಸಿದ್ರು. ಆಮೇಲೆ ನೋಡಿದ್ರೆ ಕೆಲಸವೇ ಇಲ್ಲ.” ಆ ತಂದೆ ಬಂಡಿಹಬ್ಬದ ಪೇಟೆಯಲ್ಲಿ ಗೋಣಿ ಹಾಸಿ ಕುಳಿತು ಪಾತ್ರೆಗೆ ಹೆಸರು ಕೆತ್ತಿದರಂತೆ. ಒಂದು ಅಕ್ಷರಕ್ಕೆ ಇಷ್ಟು ಎಂದು ಲೆಕ್ಕ. ನೆಂಟರು ಆ ಕಡೆ ಬಂದರೆ ಮುಖ ತಿರುಗಿಸುತ್ತಿದ್ದರಂತೆ.

ಆಮೇಲೆ ತಂಬಿಗೆ ಕೈಗೆತ್ತಿಕೊಂಡರು. ಭೂತಗನ್ನಡಿ ಹಿಡಿದು, ಬಾಗಿಲ ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. ನಿಮ್ಮ ತಂದೆಯ ಕೈಯೇ ಎಂದು ಕೇಳುವ ಆಸೆ ನಮಗಿತ್ತು. ಕೇಳಿದೆವು ಕೂಡ.

“ಯಾರ ಕೈ ಅಂತ ಹೇಳ್ಲಿಕ್ಕಾಗೂದಿಲ್ಲ. ಉಳಿ ಮಾತ್ರ ಸೊನಗಾರನದ್ದು.” ಉಗುರಿನ ತುದಿಯಿಂದ ಒಂದು ಅಕ್ಷರ ತೋರಿಸಿದರು. ಅಲ್ಲಿಯವರೆಗೆ ಗೆರೆಯ ತಳದಲ್ಲಿ ಎಳೆಯಂಥ ಒಂದು ಉಬ್ಬು ಜೊತೆಗೇ ಬರುತ್ತಿತ್ತು. ಉಳಿಯ ಮೂತಿಯಲ್ಲಿ ಚಿಪ್ಪು ಎದ್ದಿರಬೇಕು ಎಂದರು. ಊರಿನ ಹೆಸರು ಶುರುವಾಗುವಲ್ಲಿ ಆ ಎಳೆ ಇರಲಿಲ್ಲ, ತಳ ಕನ್ನಡಿಯಂತಿತ್ತು.

“ಇಲ್ಲಿ ನಿಲ್ಸಿ ಸಾಣೆ ಹಿಡ್ದಿದ್ದಾನೆ ನೋಡಿ,” ಎಂದರು.

ಪೆಟ್ಟಿಗೆಯನ್ನು ಅವರ ಮಗ ಒಳಗೆ ಎತ್ತಿಟ್ಟರು. ಕಳೆದ ವರ್ಷ ಗುಜರಿಯವನೊಬ್ಬ ಅದನ್ನು ಕಿಲೋ ಲೆಕ್ಕದಲ್ಲಿ ಕೇಳಿದ್ದನಂತೆ. ತೂಗಿ ನೋಡಿದಾಗ ಉಳಿಗಳೆಲ್ಲ ಸೇರಿ ಅರ್ಧ ಕಿಲೋ ಕೂಡ ಆಗಲಿಲ್ಲವೆಂದು ಬಿಟ್ಟು ಹೋದ.