ಎಣ್ಣೆಕಾಳು ಬೆಳೆಗಳಿಗೆ ಗಂಧಕ ಪೋಷಣೆ

ಗಂಧಕವಿಲ್ಲದೆ ಸಸ್ಯವು ಬದುಕಲಾರದೆಂಬುದು, ಜರ್ಮನಿಯ ಸಾಕ್ಸ್, ಕ್ನೋಪ್ ಮೊದಲಾದವರು ಮಣ್ಣಿನ ಸಂಪರ್ಕವಿಲ್ಲದೆ ಬರಿಯ ಲವಣಜಲದಲ್ಲಿ ಗಿಡಗಳನ್ನು ಬೆಳೆಸಿದ 1860ರ ಸುಮಾರಿನ ಪ್ರಯೋಗಗಳಿಂದಲೇ ವಿದಿತವಾಗಿದ್ದಿತು; ಆದರೂ ಸಾರಜನಕ, ರಂಜಕ, ಪೊಟ್ಯಾಷ್‌ಗಳಿಗೆ ಸಂದ ಮನ್ನಣೆ ಅದಕ್ಕೆ ಬಹುಕಾಲ ಸಲ್ಲಲಿಲ್ಲ. ಬೇಡದೆಯೇ ಒದಗುತ್ತಿದ್ದ ವಸ್ತುವನ್ನು ಯಾರೂ ಲೆಕ್ಕಕ್ಕೆ ಹಿಡಿಯದಿದ್ದುದೇ ಇದರ ಕಾರಣವೆನ್ನಬೇಕು. 1842ರಲ್ಲಿ ಇಂಗ್ಲೆಂಡಿನ ಲಾಸ್ ಪೇಟೆಂಟ್ ಪಡೆದ ಸೂಪರ್ ಫಾಸ್ಫೇಟನ್ನು ರೈತರು ಕೊಂಡದ್ದು ರಂಜಕಕ್ಕಾಗಿ, ಆದರೆ ಅದರಲ್ಲಿ ಶೇಕಡ 11ರಷ್ಟು ಗಂಧಕವೂ ಅಡಗಿದ್ದಿತು. 1951ರಲ್ಲಿ ಭಾರತದ ಸಿಂದ್ರಿಯ ಗೊಬ್ಬರ ಕಾರ್ಖಾನೆ ತಯಾರಿಸತೊಡಗಿದ ಅಮೋನಿಯಂ ಸಲ್ಫೇಟಿನಲ್ಲಿ ಅದು ಶೇಕಡ 24ರಷ್ಟು. ಮುಂದೆ ಇವುಗಳ ಸ್ಥಾನವನ್ನು ಗಂಧಕರಹಿತವಾದ ಯೂರಿಯ, ಡಿಎಪಿಗಳು ಆಕ್ರಮಿಸಿದುವು.

ಎಣ್ಣೆಯ ಅಣುವಿನಲ್ಲಿ ಗಂಧಕವಿಲ್ಲ. ಆದರೆ ಅದನ್ನು ಕಟ್ಟುವ ಕ್ರಿಯೆಯೆಲ್ಲ ಗಂಧಕದ ಆಶ್ರಯದಲ್ಲಿಯೇ ನಡೆಯತಕ್ಕದ್ದು. ಮೇದಾಮ್ಲಗಳ ಮೂಲಸಾಮಗ್ರಿಯಾದ ಅಸಿಟೈಲ್ ಅಂಶವು ಕೋಎನ್‌ಜೈಮ್ ಎ ಅಣುವಿನ ಗಂಧಕಕ್ಕೇ ಬಂಧಿತವಾಗಿರುವುದೆಂದು 1951ರಲ್ಲಿ ಜರ್ಮನಿಯ ಜೀವರಸಾಯನಜ್ಞ ಲ್ಯೂನೆನ್ ತೋರಿಸಿದನು. ಎರಡೆರಡು ಇಂಗಾಲಗಳಂತೆ ಬೆಳೆಯುವ ಸರಪಣಿಯನ್ನು ಹಿಡಿದಿಡುವ ಪ್ರೋಟೀನಿನ ಹಿಡಿತವೂ ಗಂಧಕದ್ದೇ. ಕೊರತೆಯಿರುವ ಹೊಲಕ್ಕೆ ಗಂಧಕವನ್ನು ಕೊಟ್ಟಾಗ ಇಳುವರಿಯೂ, ಅನೇಕ ವೇಳೆ ಬೀಜದ ಎಣ್ಣೆಯಂಶವೂ ಏರುವುದಕ್ಕೆ ಇದೊಂದು ವಿವರಣೆ. ಮೇದಾಮ್ಲಗಳ ಪ್ರಮಾಣವು ಬದಲಾಗುವ ವಿಷಯದಲ್ಲಿ ಮಾತ್ರ ಪ್ರಯೋಗಗಳು ಒಂದೇ ಮಾತನ್ನಾಡುವುದಿಲ್ಲ. ತಳಿಯ ಗುಣವೂ ಕಾಳು ಬಲಿಯುವಾಗಿನ ಉಷ್ಣತೆಯೂ ಅಲ್ಲಿ ಹೆಚ್ಚು ಬಲವುಳ್ಳವು.

ಯೂರೋಪಿನಲ್ಲಿ ಕಾರ್ಖಾನೆಗಳ ಹೊಗೆಯೂ ಹೊಲಗಳಿಗೆ ಗಂಧಕವನ್ನು ಸುರಿಯುತ್ತಿದ್ದಿತು. 1980ರ ದಶಕದಲ್ಲಿ ಆ ಹೊಗೆಗೆ ಕಡಿವಾಣ ಬಿದ್ದಮೇಲೆ ಸಾಸಿವೆಯ ಕುಲದ ರೇಪ್ ಬೆಳೆಯಲ್ಲಿ ಹಳೆಯ ಎಲೆಗಳು ಹಸಿರಾಗಿಯೇ ಇರಲು ಎಳೆಯವು ಮೊದಲು ಹಳದಿಗೊಂಡು ದೊನ್ನೆಯಂತೆ ಮುದುಡುವುದೂ, ಹೊಂಬಣ್ಣದ ಹೂಗಳು ಬಿಳಿಚಿಕೊಳ್ಳುವುದೂ ಕಾಣಬಂದುವು. ಗಂಧಕವನ್ನು ಹಾಕಿದರೆ ಗ್ಲುಕೋಸಿನೋಲೇಟುಗಳೆಂಬ ಕಟುದ್ರವ್ಯಗಳೂ ಬೀಜದಲ್ಲಿ ಹೆಚ್ಚುವುವು. ಕೆನಡಾದಲ್ಲಿ ಸ್ಟೆಫಾನ್ಸನ್ 1974ರಲ್ಲಿ ಹೊರತಂದ ಟವರ್ ಎಂಬ ರೇಪ್ ತಳಿಯ ಉದ್ದೇಶವೇ ಇವನ್ನೂ ಎಣ್ಣೆಯಲ್ಲಿನ ಎರುಸಿಕ್ ಆಮ್ಲವನ್ನೂ ತಗ್ಗಿಸಿ, ಹಿಂಡಿಯನ್ನು ದನಕ್ಕೂ ಎಣ್ಣೆಯನ್ನು ಮನುಷ್ಯನಿಗೂ ಯೋಗ್ಯವಾಗಿಸುವುದಾಗಿದ್ದಿತು. ಸಾಸಿವೆಯೆಣ್ಣೆಯ ಘಾಟನ್ನೇ ರುಚಿಯೆಂದು ಬಗೆಯುವ ಬಂಗಾಳದ ಅಡುಗೆಮನೆ ಈ ಕಟುತ್ವವನ್ನು ದೋಷವೆಂದು ಒಪ್ಪಲಾರದು.

ಕರ್ನಾಟಕದಲ್ಲಿ ಕಡಲೆಕಾಯಿಗೆ ಗಂಧಕವನ್ನೂ ಸುಣ್ಣದಂಶವನ್ನೂ ಒಳಗೊಂಡ ಜಿಪ್ಸಂ ಅನ್ನು ಹೆಕ್ಟೇರಿಗೆ 500 ಕಿಲೋಗ್ರಾಂ ಹಾಕಲು ಕೃಷಿ ವಿಶ್ವವಿದ್ಯಾನಿಲಯಗಳು ಶಿಫಾರಸು ಮಾಡುತ್ತವೆ. ಹೂವಿನಿಂದಿಳಿದು ಮಣ್ಣು ಹೊಗುವ ದೇಟು ಕಾಯಿಗೆ ಬೇಕಾದ ಸುಣ್ಣದಂಶವನ್ನು ಅಲ್ಲಿಂದಲೇ ನೇರವಾಗಿ ಹೀರುವುದರಿಂದ, ಅಲ್ಲಿ ಕಾಳು ತುಂಬುವ ಶ್ರೇಯಸ್ಸನ್ನು ಗಂಧಕವೊಂದಕ್ಕೇ ಸಲ್ಲಿಸಲಾಗದು.